ತಾರೀಖಿಲ್ಲದ ಸೋಮವಾರ

ನನ್ನ ಎಪ್ಪತ್ತರ ಶಾಂತಿಯನ್ನು ಪರದೇಶದ ನಮ್ಮೂರಿಗೆ ಹತ್ತಿರವಿರುವ ಸನ್ನಿವೇಲಿನ ದೇವಸ್ಥಾನದಲ್ಲಿ ಮಾಡಿಸಬೇಕೆಂದು ಹೆಂಡತಿ ಹಟ ಹಿಡಿದಾಗ ಅಡ್ಡಬಂದದ್ದು ನನ್ನ ವೃತ್ತಿ. ನಾಲ್ಕು ದಶಕ ಶಾಸನಗಳ ಕಾಲನಿರ್ಣಯ ಮಾಡಿದವನು ನಾನು. ಪರಿಶೀಲಿಸದೆ ಯಾವ ದಿನಾಂಕವನ್ನೂ ಒಪ್ಪಿದವನಲ್ಲ. ನನ್ನ ಪಾಸ್‌ಪೋರ್ಟಿನಲ್ಲಿರುವುದೋ, ಶಾಲೆಗೆ ಸೇರಿಸಿಕೊಂಡ ಮೇಷ್ಟರು ಅಂದಾಜಿನಲ್ಲಿ ಬರೆದ ತಾರೀಖು. ಜಾತಕ ಬರೆಸಿರಲಿಲ್ಲ. ತೀರಿಕೊಂಡ ತಾಯಿ ಹೇಳುತ್ತಿದ್ದುದು ಇಷ್ಟೇ: "ಸೋಮವಾರ ಕಣೋ, ಆಗತಾನೆ ಬೆಳಕು ಹರೀತಿತ್ತು." ತಿಂಗಳು ಕೇಳಿದರೆ ಒಮ್ಮೆ ಕಾರ್ತಿಕ, ಇನ್ನೊಮ್ಮೆ ಮಾರ್ಗಶಿರ.

ಅರ್ಧ ಗಂಟೆಯ ದಾರಿಯ ಡಬ್ಲಿನ್ನಿನಿಂದ ಮಗಳು ಫೋನು ಮಾಡಿ, "ಅಪ್ಪಾ, ಪಾಸ್‌ಪೋರ್ಟ್ ಡೇಟೇ ಇಟ್ಕೊಳ್ಳೋಣ. ಟೆಂಪಲ್‌ನವರು ಸ್ಲಾಟು ಕೇಳ್ತಿದಾರೆ" ಎಂದಳು. ಸುಳ್ಳು ದಿನಕ್ಕೆ ಸಂಕಲ್ಪ ಮಾಡಲಾರೆ ಎಂದೆ. ಹೆಂಡತಿ ನನ್ನೊಡನೆ ಮಾತು ಕಡಿಮೆ ಮಾಡಿದಳು. ಮೊದಲೇ ಗೊತ್ತುಮಾಡಿದ್ದ ನೇಪಾಳದ ಐದು ದಿನಗಳ ಚಾರಣಕ್ಕೆ ಆ ಮೌನವನ್ನೂ ಹೊತ್ತುಕೊಂಡೇ ಹೊರಟೆವು.

ನಾವಿರುವ ಫ್ರೀಮಾಂಟಿನ ಗುಡ್ಡವನ್ನು ವಾರವಾರ ಹತ್ತಿಳಿದು ಮಂಡಿ ಪಳಗಿಸಿಕೊಂಡಿದ್ದ ನಮಗೆ ದಾರಿ ತೀರ ಕಷ್ಟವೆನಿಸಲಿಲ್ಲ. ಪೈನ್ ಮರಗಳ ನಡುವೆ, ತೂಗುಸೇತುವೆಗಳ ಮೇಲೆ, ನಿಧಾನವಾಗಿ ಏರಿದೆವು. ಅಲ್ಲಲ್ಲಿ ಬೌದ್ಧ ಮಂತ್ರ ಕೆತ್ತಿದ ಕಲ್ಲುಗಳ ಗೋಡೆಗಳು. ಅವನ್ನು ಬಲಕ್ಕೆ ಬಿಟ್ಟುಕೊಂಡೇ ದಾಟಬೇಕು. ನಾನು ಒಂದೊಂದರ ಮುಂದೆಯೂ ಬಗ್ಗಿ ನಿಂತೆ. ಮಂತ್ರದ ಅದೇ ಆರು ಅಕ್ಷರಗಳು ಸಾವಿರ ಕಲ್ಲುಗಳ ಮೇಲೆ. ನಾನು ನೋಡಿದ ಯಾವುದರ ಮೇಲೂ ಕೆತ್ತಿಸಿದವನ ಹೆಸರಿಲ್ಲ, ವರ್ಷವಿಲ್ಲ.

ನಮ್ಮ ಮಾರ್ಗದರ್ಶಿ ಐವತ್ತರ ಆಸುಪಾಸಿನ ಶೆರ್ಪಾ. ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವುದು ಅವರಲ್ಲಿ ರೂಢಿ. ಆತನದು ಶುಕ್ರವಾರದ ಹೆಸರು. ತಪಾಸಣೆಯ ಕಟ್ಟೆಯಲ್ಲಿ ಆತ ತೋರಿಸಿದ ಗುರುತುಪತ್ರದ ಮೇಲೆ ನನ್ನ ಕಣ್ಣು ಬಿತ್ತು. ಅಭ್ಯಾಸಬಲದಿಂದ ಲೆಕ್ಕ ಹಾಕಿದೆ: ಆ ದಿನಾಂಕ ಬುಧವಾರ.

ಭಾನುವಾರ ಸಂಜೆ ಆತನ ತಾಯಿ ನಡೆಸುವ ವಸತಿಗೃಹದಲ್ಲಿ, ಒಲೆಯ ಸುತ್ತ ಆಲೂಗೆಡ್ಡೆ ಸುಲಿದು ತಿನ್ನುತ್ತ ಕುಳಿತಾಗ ಆ ಬುಧವಾರದ ಲೆಕ್ಕವನ್ನು ಹಿಂದಿಯಲ್ಲಿ ಹೇಳಿಬಿಟ್ಟೆ. ಆತ ಕೇಳಿಸಿಕೊಂಡು ತಾಯಿಗೆ ತಿಳಿಸಿದ. ಮುದುಕಿ ಬಿದ್ದು ಬಿದ್ದು ನಕ್ಕಳು.

"ಕಾಗದಕ್ಕೆ ಮೇಷ್ಟರು ಬರೆದದ್ದು. ಹೆತ್ತವಳು ನಾನಾ, ಮೇಷ್ಟರಾ ಅಂತ ಕೇಳ್ತಿದಾಳೆ" ಎಂದ ಮಗ.

ಹೆಂಡತಿ ಆಲೂಗೆಡ್ಡೆ ಕೆಳಗಿಟ್ಟಳು. "ಕೇಳಿಸ್ತೇನ್ರೀ? ನಿಮ್ಮಮ್ಮನ್ನ ಇಷ್ಟು ವರ್ಷ ನೀವು ನಂಬಲೇ ಇಲ್ಲ. ಅವರೇನು ಶಾಸನ ಕೆತ್ತಿಸಿ ಹೋಗಬೇಕಿತ್ತಾ?"

ಅವಳು ಹರಕುಮುರಕು ಹಿಂದಿಯಲ್ಲಿ ನನ್ನ ಕಥೆಯನ್ನೆಲ್ಲ ಅವರಿಗೆ ಹೇಳಿದಳು. ಮುದುಕಿ ಬೆರಳು ಮಡಚಿ ನೋಡಿ, ನಾಳೆಯೇ ಸೋಮವಾರವಲ್ಲವೇ, ಬೆಳಕು ಹರಿಯುವ ಮೊದಲು ಮೇಲಿನ ದಿಬ್ಬಕ್ಕೆ ಬರಲಿ ಎಂದಳಂತೆ.

ಬೆಳಗಿನ ಜಾವ ದಿಬ್ಬದ ಮೇಲೆ ಆಕೆ ಆಗಲೇ ಪೂಜೆಯ ಧೂಪಕ್ಕೆಂದು ಜುನಿಪರ್ ಸೊಪ್ಪಿಗೆ ಬೆಂಕಿಯಿಟ್ಟಿದ್ದಳು. ಹೊಗೆಯಾಚೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಆಕಾಶದ ಬೂದುಬಣ್ಣದಿಂದ ಒಂದು ಗೆರೆ ಬೇರ್ಪಟ್ಟಿತು. ಮೋಡವೆಂದುಕೊಂಡು ನೋಡುತ್ತಿದ್ದುದು ನೆಲ. ಕತ್ತು ಎಷ್ಟು ಎತ್ತಿದರೂ ಮುಗಿಯದ ನೆಲ. ಅಡ್ಡಗೋಡೆಯಂಥ ಶಿಖರಸಾಲಿನ ಹಿಂದೆ ಎವರೆಸ್ಟಿನ ಕಪ್ಪು ತ್ರಿಕೋನ. ಅದರ ನೆತ್ತಿಯಿಂದ ಗಾಳಿ ಎಳೆದೊಯ್ಯುತ್ತಿದ್ದ ಹಿಮಕ್ಕೆ ಬಿಸಿಲು ತಾಗಿ ಬೆಂಕಿಯ ಬಣ್ಣ ಬಂತು. ಹೆಂಡತಿಯ ಕೈ ಯಾವಾಗ ಹಿಡಿದೆನೋ ತಿಳಿಯದು. ನಾನು ಹುಟ್ಟಿದಾಗ ಅಮ್ಮ ಕಿಟಕಿಯತ್ತ ಹೊರಳಿ ನೋಡಿರಬೇಕು. ಇಲ್ಲದಿದ್ದರೆ ಅಂಥ ನೋವಿನಲ್ಲಿ ಬೆಳಕು ಹರಿದದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ಮುದುಕಿ ಬಂದು ನನ್ನ ಕೊರಳಿಗೆ ಬಿಳಿಯ ರೇಷ್ಮೆವಸ್ತ್ರ ಹಾಕಿದಳು.

"ಮಗಳಿಗೆ ಫೋನ್ ಮಾಡು. ಕಾರ್ತಿಕವಾಗಲಿ ಮಾರ್ಗಶಿರವಾಗಲಿ, ಯಾವ ಸೋಮವಾರ ಸಿಕ್ಕರೂ ಸರಿ" ಎಂದೆ ಹೆಂಡತಿಗೆ.

"ಆಧಾರ ಏನ್ರೀ?" ನಗು ತಡೆದುಕೊಂಡು ಕೇಳಿದಳು.

"ಅಮ್ಮ ಹೇಳಿದಾಳೆ" ಎಂದೆ.