ಹೋಗದ ದಾರಿಗೂ ಸುಂಕ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಮೇಲಿನ ಐದು ಅಂತಸ್ತುಗಳಿಂದ ಇಳಿದು ಬರುವ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ ಎಲ್ಲವೂ ಅಲ್ಲಿ ಒಗೆದು, ಹಿಂಡಿ, ಇಸ್ತ್ರಿಯಾಗಿ ಮತ್ತೆ ಮೇಲೆ ಹೋಗುತ್ತವೆ. ಇಸ್ತ್ರಿ ಅಂದರೆ ಮನೆಯಲ್ಲಿರುವಂಥದ್ದಲ್ಲ, ಎರಡಾಳುದ್ದದ ಬಿಸಿ ಉರುಳೆ. ಒಂದು ಕಡೆಯಿಂದ ಇಬ್ಬರು ಒದ್ದೆ ಚಾದರದ ಮೂಲೆ ಹಿಡಿದು ಅದಕ್ಕೆ ಉಣಿಸಬೇಕು, ಇನ್ನೊಂದು ಕಡೆ ಇಬ್ಬರು ತೆಗೆದು ಮಡಚಬೇಕು. ಉಣಿಸುವ ಕಡೆ ಇಪ್ಪತ್ತೇಳು ವರ್ಷದಿಂದ ನಿಂತವಳು ಬಿಸಿಯಕ್ಕ. ಮಡಚುವ ಕಡೆ ಹನ್ನೊಂದು ವರ್ಷದಿಂದ ನಿಂತವಳು ನಾನು. ಆ ಹೆಸರು ಅವಳಿಗೆ ಉರುಳೆಯಿಂದ ಬಂತೋ ಸಿಟ್ಟಿನಿಂದ ಬಂತೋ ಗೊತ್ತಿಲ್ಲ. ನಾನು ಸೇರುವಾಗಲೇ ಇತ್ತು.

ಅವಳ ಸಿಟ್ಟು ಮೂಗಿನ ತುದಿಯದಲ್ಲ. ಹರಿದ ಚಾದರವನ್ನು ಯಾರೋ ಮಡಿಕೆಯೊಳಗೆ ಬಚ್ಚಿಟ್ಟು ವಾರ್ಡಿಗೆ ಕಳಿಸಿದರೆ, ಲಿಫ್ಟಿನಲ್ಲಿ ಡಾಕ್ಟರೊಬ್ಬರು ನಮ್ಮ ಗಾಡಿಯನ್ನು ಹೊರಗೆ ತಳ್ಳಿದರೆ ಬರುತ್ತಿತ್ತು. ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅದಕ್ಕೇ ಎಲ್ಲರಿಗೂ ಹೆದರಿಕೆ.

ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ, ಇವಳಿಗೆ ಹತ್ತೊಂಬತ್ತು. ಓದಿಸಿ, ಡ್ರೈವಿಂಗ್ ಕಲಿಸಿ, ಮದುವೆ ಮಾಡಿದಳು. ಅವನೀಗ ಶಾಲೆಯ ವ್ಯಾನ್ ಓಡಿಸುತ್ತಾನೆ, ಎರಡು ಬೀದಿ ಆಚೆ ಮನೆ. ಅಷ್ಟೆಲ್ಲ ಮುಗಿದ ಮೇಲೆ ತನಗೆಂದು ಅವಳು ಬಯಸಿದ್ದು ಒಂದೇ ಒಂದು.

ಆ ಉರುಳೆಯ ಪಕ್ಕೆಯಲ್ಲಿ ಒಂದು ಹಿತ್ತಾಳೆ ಫಲಕವಿದೆ. ಯಂತ್ರ ಮಾಡಿದವರ ಹೆಸರು, ಅವರ ಊರು, ದೂರದ ಒಂದು ದೇಶ. ವರ್ಷಗಳ ಹಿಂದೆ ರಿಪೇರಿಗೆ ಬಂದಿದ್ದ ಫಿಟ್ಟರ್ ಹೇಳಿದ್ದನಂತೆ: ಆ ಊರಿನ ನಡುವೆ ನದಿ ಹರಿಯುತ್ತದೆ, ಕಾರ್ಖಾನೆಯಲ್ಲಿ ಮೊಟ್ಟಮೊದಲ ಯಂತ್ರವನ್ನು ಇನ್ನೂ ನೋಡಲು ಇಟ್ಟಿದ್ದಾರೆ. ಅಂದಿನಿಂದ ಬಿಸಿಯಕ್ಕನಿಗೆ ಅದನ್ನು ನೋಡಬೇಕು. ಬೇರೆ ಏನೂ ಇಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. ಅವಳು ಏಳು ವರ್ಷ ಸಂಬಳದಲ್ಲಿ ಉಳಿಸಿದಳು. ಚಹಾ ಬಿಟ್ಟಳು, ಬಸ್ಸು ಬಿಟ್ಟು ನಡೆದಳು. ಖಾತೆಯಲ್ಲಿ ಎರಡು ಲಕ್ಷ ಹತ್ತು ಸಾವಿರ ಆದಾಗ ಪಾಸ್‌ಪೋರ್ಟ್ ಮಾಡಿಸಿದಳು.

ಆ ದೇಶದ ನಿಯಮಗಳನ್ನು ವೀಸಾ ಕೇಂದ್ರದ ಗೋಡೆಗೆ ಅಂಟಿಸಿರುತ್ತಾರೆ. ಪ್ರವಾಸಿ ದಿನಕ್ಕೆ ಇಷ್ಟು ಹಣದಂತೆ ತನ್ನ ಖಾತೆಯಲ್ಲಿ ತೋರಿಸಬೇಕು. ಹಿಂದಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಹೋಗಿ ಬರುವ ಟಿಕೆಟ್, ಉಳಿಯುವ ಜಾಗದ ರಸೀದಿ, ರಜೆ ಕೊಟ್ಟಿದ್ದೇವೆ ಎಂದು ಕೆಲಸದ ಕಡೆಯ ಪತ್ರ. ಬಿಸಿಯಕ್ಕ ಅದನ್ನೆಲ್ಲ ಹಳೇ ಡ್ಯೂಟಿ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡು ಬಂದು ಊಟದ ಹೊತ್ತಿನಲ್ಲಿ ನನಗೆ ಓದಿ ಹೇಳಿದಳು. ಎಂಟು ದಿನಕ್ಕೆ ಒಂದು ಲಕ್ಷ ಅರವತ್ತು ಸಾವಿರ ಸಾಕಿತ್ತು. ಅವಳ ಹತ್ತಿರ ಅದಕ್ಕಿಂತ ಹೆಚ್ಚೇ ಇತ್ತು. ಅರ್ಜಿ ಹಾಕಿ ಶುಲ್ಕ ಕಟ್ಟಿದಳು.

ಹದಿನೇಳನೇ ದಿನ ಉತ್ತರ ಬಂತು. ಒಂದೇ ಹಾಳೆ, ಅದರಲ್ಲಿ ಎರಡು ಕಡೆ ಗುರುತು ಹಾಕಿದ್ದರು. ಒಂದು, ಖಾತೆಯಲ್ಲಿರುವ ಹಣದ ಮೂಲ ಸ್ಪಷ್ಟವಿಲ್ಲ. ಎರಡು, ಅರ್ಜಿದಾರರು ತಮ್ಮ ದೇಶಕ್ಕೆ ಹಿಂತಿರುಗುವರೆಂಬ ನಂಬಿಕೆ ಬಂದಿಲ್ಲ. ವೀಸಾ ಇಲ್ಲ. ಕಟ್ಟಿದ ಶುಲ್ಕ ವಾಪಸ್ ಇಲ್ಲ.

ಅವಳು ಆ ಹಾಳೆಯನ್ನು ಉರುಳೆಯ ಪಕ್ಕದ ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು.

“ಬಂದ ದಾರಿಗೆ ಸುಂಕ ಇಲ್ಲ ಅಂತಾರೆ,” ಅಂದಳು. “ನಾನು ಹೋಗದ ದಾರಿಗೂ ಸುಂಕ ಕಟ್ಟಿದೀನಿ ನೋಡು.”

ಮರುದಿನ ಅರ್ಧ ದಿನ ರಜೆ ಹಾಕಿ ಕೇಂದ್ರಕ್ಕೆ ಹೋದಳು. ಗಾಜಿನ ಹಿಂದಿದ್ದ ಹುಡುಗಿ, ನಾವು ಕಾಗದ ತಗೊಂಡು ಕಳಿಸುವವರು ಮಾತ್ರ, ಕಾರಣ ನಮಗೆ ತಿಳಿಯದು ಅಂದಳಂತೆ. ತಿಳಿದವರು ಯಾರು ಎಂದರೆ, ಅವರು ಯಾರನ್ನೂ ಭೇಟಿ ಮಾಡುವುದಿಲ್ಲ. ನನ್ನ ಮುಖ ನೋಡದೆ ನಾನು ವಾಪಸ್ ಬರಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಾಗ, ಹುಡುಗಿ ಮುಂದಿನ ಟೋಕನ್ ಕರೆದಳು.

ಅಲ್ಲಿಂದ ಬಿಸಿಯಕ್ಕ ನೇರ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ಮುದ್ರಿಸಿಕೊಂಡಳು. ಅರ್ಜಿಗೆ ಲಗತ್ತಿಸಿದ್ದನ್ನು ತಮ್ಮನೇ ತಂದುಕೊಟ್ಟಿದ್ದ, ಮುಚ್ಚಿದ ಲಕೋಟೆಯಲ್ಲಿ. ಈಗ ಓದಿದರೆ, ಅರ್ಜಿಗೆ ಎಂಟು ದಿನ ಮುಂಚೆ ಅವಳ ಖಾತೆಗೆ ನಾಲ್ಕು ಲಕ್ಷ ಬಂದು ಬಿದ್ದಿದೆ. ಇಪ್ಪತ್ತು ದಿನವಿದ್ದು ಬಂದ ಹಾಗೇ ಹೋಗಿದೆ. ಬ್ಯಾಂಕಿನ ಸಂದೇಶಗಳೆಲ್ಲ ತಮ್ಮನ ಫೋನಿಗೇ ಹೋಗುತ್ತಿದ್ದವು, ಏಕೆಂದರೆ ಖಾತೆ ತೆರೆದಾಗ ಇವಳ ಬಳಿ ಫೋನೇ ಇರಲಿಲ್ಲ.

ಆ ಸಂಜೆ ಅವನ ಮನೆಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದಳು. ನಾನಿದ್ದರೆ ತಾನು ತಮ್ಮನ ಮೇಲೆ ಕೈ ಎತ್ತುವುದಿಲ್ಲ ಅಂತ ಇರಬೇಕು. ಅವನು ವ್ಯಾನ್ ತೊಳೆಯುತ್ತಿದ್ದ. ಸ್ಟೇಟ್‌ಮೆಂಟನ್ನು ಒದ್ದೆ ಬಾನೆಟ್ಟಿನ ಮೇಲೆ ಹರಡಿ ಆ ಸಾಲಿನ ಮೇಲೆ ಬೆರಳಿಟ್ಟಳು.

ಅವನು ಸುಳ್ಳು ಹೇಳಲಿಲ್ಲ. ಒಬ್ಬ ಏಜೆಂಟ್ ಹೇಳಿದ್ದನಂತೆ: ಎರಡು ಲಕ್ಷ ತೋರಿಸಿದರೆ ಮೂಸಿಯೂ ನೋಡಲ್ಲ, ಖಾತೆ ದಪ್ಪ ಕಾಣಬೇಕು. ತೋರಿಕೆ ಹಣವನ್ನು ತಾನೇ ಹಾಕುತ್ತೇನೆ, ಕೆಲಸ ಆದ ಮೇಲೆ ತೆಗೆಯುತ್ತೇನೆ, ಬಾಡಿಗೆ ಒಂಬತ್ತು ಸಾವಿರ. ತಮ್ಮ ಆ ಒಂಬತ್ತು ಸಾವಿರವನ್ನು ತನ್ನ ಸಂಬಳದಿಂದ ಕೊಟ್ಟಿದ್ದ. ಹಣ ವಾಪಸ್ ತೆಗೆಯುವಾಗ ಬ್ಯಾಂಕಿನಿಂದ ಫೋನಿಗೆ ಬಂದ ಗುಪ್ತಸಂಖ್ಯೆಯನ್ನು ತಾನೇ ಏಜೆಂಟನಿಗೆ ಹೇಳಿದ್ದ.

“ನಿನ್ನ ಒಳ್ಳೇದಕ್ಕೇ ಮಾಡಿದ್ದು ಅಕ್ಕಾ,” ಅಂದ. “ನಿನಗೆ ಹೇಳಿದ್ರೆ ಬೇಡ ಅಂತಿದ್ದೆ.”

“ಬೇಡ ಅಂತ ಗೊತ್ತಿದ್ದೂ ಮಾಡಿದ್ಯಲ್ಲ.”

“ಅಷ್ಟು ಕಮ್ಮಿ ದುಡ್ಡು ನೋಡಿ ಅವರು...”

“ಕಮ್ಮಿ ಅಂತ ಯಾರು ಹೇಳಿದ್ರು? ಅವರ ಗೋಡೆ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಇತ್ತು. ಏಳು ವರ್ಷದ ದುಡ್ಡು ಕಣೋ ಅದು. ಅವರು ನನ್ನ ಬಡವಿ ಅನ್ನೋಕೆ ಮುಂಚೆ ನೀನೇ ಮುದ್ರೆ ಒತ್ತಿಬಿಟ್ಟೆ.”

ಅವನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತ ನಿಂತ. ಅವನ ಹೆಂಡತಿ ಬಾಗಿಲಿಗೆ ಬಂದು ಒಳಗೆ ಕರೆದರೂ ಬಿಸಿಯಕ್ಕ ಹೋಗಲಿಲ್ಲ. ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಳು. ಅವನು ಪ್ರತಿ ಭಾನುವಾರ ಬರುತ್ತಿದ್ದ. ತಟ್ಟೆ ಹಾಕುತ್ತಿದ್ದಳು, ಬಡಿಸುತ್ತಿದ್ದಳು, ಮಾತಿಲ್ಲ. ಅನ್ನ ಹಾಕಿ ಬಾಯಿ ಮುಚ್ಚಿಕೊಂಡು ಕೂರುವ ಅಕ್ಕನ ಎದುರು ಉಣ್ಣುವುದಕ್ಕಿಂತ ಎರಡೇಟು ತಿನ್ನುವುದು ವಾಸಿ ಎಂದು ಅವನು ನನ್ನ ಹತ್ತಿರ ಹೇಳಿಕೊಂಡ.

ಬ್ಯಾಂಕಿನಲ್ಲಿ ಫೋನ್ ನಂಬರ್ ಬದಲಾಯಿಸಿ ಅವಳು ಏಳು ತಿಂಗಳು ಕಾದಳು, ಆ ನಾಲ್ಕು ಲಕ್ಷದ ಸಾಲು ಸ್ಟೇಟ್‌ಮೆಂಟಿನಿಂದ ಹಿಂದೆ ಸರಿಯಲೆಂದು. ಎರಡನೇ ಅರ್ಜಿಯ ಜೊತೆ ಒಂದು ಪತ್ರ ಇಡಬೇಕೆಂದಳು. ನನ್ನ ಅಕ್ಷರ ದುಂಡಗಿದೆ ಎಂದು ನನ್ನಿಂದಲೇ ಬರೆಸಿದಳು. ತೋರಿಕೆ ಹಣದ ಕಥೆಯನ್ನು ಇದ್ದದ್ದಿದ್ದಂತೆ ಹೇಳತೊಡಗಿದಾಗ ನಾನು ಪೆನ್ನು ಕೆಳಗಿಟ್ಟೆ. ಈಗ ಆ ಸಾಲೇ ಕಾಣದಿರುವಾಗ ನಾವಾಗಿ ಯಾಕೆ ಎತ್ತಿ ತೋರಿಸಬೇಕು, ಸುಮ್ಮನಿದ್ದರಾಗದೆ ಎಂದೆ.

“ಅವರ ಹತ್ರ ಹಳೇದು ಇದ್ದೇ ಇರುತ್ತೆ. ಬರಿ,” ಅಂದಳು. “ಆ ನಾಲ್ಕು ಲಕ್ಷ ನನ್ನದಲ್ಲ. ಈ ಎರಡೂಕಾಲು ಲಕ್ಷ ನನ್ನದು. ಇದರಲ್ಲಿ ಒಂದೊಂದು ಪೈಸೆನೂ ಯಾವ ತಿಂಗಳದ್ದು ಅಂತ ಕೇಳಿದ್ರೆ ಹೇಳ್ತೀನಿ. ಇದನ್ನೂ ನಂಬದೆ ಇದ್ರೆ, ಬಡವರು ಬರಬಾರದು ಅಂತ ಗೋಡೆ ಮೇಲೆ ಬರೆದುಬಿಡಿ. ಶುಲ್ಕನಾದ್ರೂ ಉಳಿಯುತ್ತೆ.”

ಕೊನೆಯ ಎರಡು ಮಾತನ್ನು ಮೆತ್ತಗೆ ಮಾಡಿ ಬರೆಯುತ್ತೇನೆ ಎಂದೆ. ಒಪ್ಪಲಿಲ್ಲ. ಹೇಳಿದ ಹಾಗೇ ಬರೆದೆ. ವೀಸಾ ಸಿಕ್ಕಿತು, ಎಣಿಸಿ ಎಂಟೇ ದಿನ ಉಳಿಯಲು.

ಇಷ್ಟಕ್ಕೇ ಮುಗಿಯಿತೆಂದು ನಾವು ತಿಳಿದಿದ್ದೆವು. ವೀಸಾ ಇದ್ದರೂ ಗಡಿಯಲ್ಲಿ ಒಳಗೆ ಬಿಡುವುದು ಬಿಡದಿರುವುದು ಅಲ್ಲಿನ ಅಧಿಕಾರಿಯ ಕೈಯಲ್ಲಿ ಎಂದು ವೀಸಾದ ಕಾಗದದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇತ್ತು. ಮುಂದಿನದೆಲ್ಲ ಬಿಸಿಯಕ್ಕನೇ ಬಂದು ಹೇಳಿದ್ದು.

ವಿಮಾನ ಇಳಿದು ಸಾಲಿನಲ್ಲಿ ನಿಂತು ಅವಳ ಸರದಿ ಬಂದಾಗ, ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಹಾಕಿ ಅವಳನ್ನು ಪಕ್ಕದ ಕೋಣೆಗೆ ಕಳಿಸಿದ. ಹಿಂದೆ ಒಮ್ಮೆ ನಿರಾಕರಿಸಿದ್ದು ಅವರ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಯಂತ್ರ, ಕಿಟಕಿಯಿಲ್ಲ. ಅಲ್ಲಿ ಅವಳಿಗಿಂತ ಮುಂಚೆಯೇ ಒಬ್ಬ ಹೆಂಗಸು ಕೂತಿದ್ದಳು. ಬೇರೆ ಯಾವುದೋ ದೇಶದವಳು, ಬೇರೆ ಭಾಷೆ, ಇವಳದೇ ವಯಸ್ಸು. ಅವಳನ್ನು ಮೇಜಿಗೆ ಕರೆದು ಹಣ ತೋರಿಸು ಎಂದರು. ಅವಳು ರವಿಕೆಯೊಳಗಿನಿಂದ ಲಕೋಟೆ ತೆಗೆದಳು. ನೋಟುಗಳನ್ನು ಎಲ್ಲರೆದುರು ಎಣಿಸಿದರು. ಕಟ್ಟು ಸಣ್ಣದೇನಲ್ಲ. ಆದರೆ ಈ ನೋಟು ಎಲ್ಲಿಂದ ಬಂತು ಎನ್ನಲು ಬ್ಯಾಂಕಿನ ಕಾಗದ ಇರಲಿಲ್ಲ. ಮರಳುವ ಟಿಕೆಟ್ಟೂ ಖಚಿತವಾಗಿರಲಿಲ್ಲ. ಮಾತು ತಿಳಿಯದಿದ್ದರೂ ಅವರ ಕೈಸನ್ನೆಯಿಂದಲೇ ಬಿಸಿಯಕ್ಕನಿಗೆ ಅಷ್ಟು ತಿಳಿಯಿತು. ನೋಟುಗಳನ್ನು ಮತ್ತೆ ಲಕೋಟೆಗೆ ತುಂಬಿ ಕೊಟ್ಟು, ಇಬ್ಬರು ಅವಳನ್ನು ಬಂದ ವಿಮಾನದ ಕಡೆಗೇ ನಡೆಸಿಕೊಂಡು ಹೋದರು. ಅವಳು ಅಳಲಿಲ್ಲವಂತೆ. ಬಾಗಿಲಲ್ಲಿ ಒಮ್ಮೆ ತಿರುಗಿ ಬಿಸಿಯಕ್ಕನನ್ನು ನೋಡಿದಳು.

ಬಿಸಿಯಕ್ಕ ಎದ್ದು ನಿಂತಿದ್ದಳು. ಹೇಳಲು ಆ ಹೆಂಗಸಿನ ಭಾಷೆ ಬಾರದು, ಅಧಿಕಾರಿಗಳ ಭಾಷೆಯೂ ಬಾರದು. ಕೂತುಕೋ ಎಂದು ಕೈ ಮಾಡಿದರು. ಕೂರಲಿಲ್ಲ.

ಎರಡು ಗಂಟೆಯಾದ ಮೇಲೆ ಅವಳ ಸರದಿ. ನಮ್ಮ ಭಾಷೆ ಬಲ್ಲ ಯಾರನ್ನೋ ಫೋನಿನಲ್ಲಿ ಹಿಡಿದು ಪ್ರಶ್ನೆ ಕೇಳಿದರು. ಹಣ ಎಷ್ಟು, ಕಾರ್ಡ್ ಯಾವುದು, ಯಾವ ಹೋಟೆಲು, ಇಲ್ಲಿ ಪರಿಚಯದವರು ಯಾರು. ಯಾರೂ ಇಲ್ಲ ಎಂದಾಗ ಅಧಿಕಾರಿ ಹುಬ್ಬೇರಿಸಿದ. ಯಾಕೆ ಬಂದೆ? ಇಸ್ತ್ರಿ ಯಂತ್ರ ನೋಡೋಕೆ. ಅವನು ಪಕ್ಕದವನ ಮುಖ ನೋಡಿ ನಕ್ಕ. ಒಂದು ಯಂತ್ರ ನೋಡಲು ಇಷ್ಟು ಖರ್ಚು ಮಾಡಿ ಯಾರೂ ಬರುವುದಿಲ್ಲ, ನಿಜ ಹೇಳು ಎಂದ.

ಅವಳ ದನಿ ಇಳಿಯಿತು.

“ನಿಮ್ಮ ಕಡೆಯವರು ನಮ್ಮ ಕಡೆ ಬರ್ತಾರೆ, ಕಲ್ಲು ನೋಡ್ತಾರೆ, ಹಕ್ಕಿ ನೋಡ್ತಾರೆ, ನಮ್ಮ ಬಡತನದ ಫೋಟೋ ತಗೀತಾರೆ. ನಿಜ ಹೇಳು ಅಂತ ಅವರನ್ನ ನಾನು ಯಾವತ್ತೂ ಕೇಳಿಲ್ಲ. ನನಗೆ ಇಪ್ಪತ್ತೇಳು ವರ್ಷದ ಕೆಲಸ ಇದೆ. ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಅಲ್ಲಿರಬೇಕು. ಅದು ಬಿಟ್ಟು ಇಲ್ಲಿ ನಿಂತ್ಕೊಂಡು ಯಾರ ಮನೆ ಮುಸುರೆ ತಿಕ್ಕಲಿ? ನಿಮಗೆ ಬೇಕಾದ ಕಾಗದ ಎಲ್ಲಾ ಕೊಟ್ಟಿದೀನಿ. ಒಂದು ಕಮ್ಮಿ ಇದ್ರೆ ತೋರ್ಸಿ, ಈಗಲೇ ಹೊರಡ್ತೀನಿ. ಇಲ್ಲ ಅಂದ್ರೆ ಮುದ್ರೆ ಒತ್ತಿ.”

ಫೋನಿನಲ್ಲಿದ್ದ ಹೆಂಗಸು, ಎಲ್ಲವನ್ನೂ ಹೇಳಲೇ ಎಂದು ಕೇಳಿದಳಂತೆ. ಒಂದಕ್ಷರ ಬಿಡಬೇಡ ತಾಯಿ ಎಂದಳು ಇವಳು. ಅಧಿಕಾರಿ ಕೇಳಿಸಿಕೊಂಡ. ಕಾಗದಗಳನ್ನು ಮತ್ತೆ ಮೊದಲಿನಿಂದ ನೋಡಿದ. ಕಮ್ಮಿ ಏನೂ ಇರಲಿಲ್ಲ. ಮುದ್ರೆ ಒತ್ತಿದ.

ಆ ಊರಲ್ಲಿ ನದಿ ಇತ್ತು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು, ಒಂದು ಕೊಟ್ಟಿಗೆಯಷ್ಟು ಭಾಗವನ್ನು ಮಾತ್ರ ನೋಡುವವರಿಗೆ ಉಳಿಸಿದ್ದರು. ಮೊದಲ ಯಂತ್ರ ಅವಳ ಸೊಂಟದೆತ್ತರವೂ ಇರಲಿಲ್ಲ, ಕೈಯಲ್ಲಿ ತಿರುಗಿಸುವಂಥದು. ಮುಟ್ಟಲು ಹೋದಾಗ ಕಾವಲುಗಾರ ಬೆರಳಾಡಿಸಿದ. ಇದರ ಮೊಮ್ಮಗಳ ಮೈ ಪ್ರತಿ ಶನಿವಾರ ಒರೆಸುವವಳು ನಾನು ಎಂದು ನಮ್ಮ ಭಾಷೆಯಲ್ಲೇ ಹೇಳಿ ಮುಟ್ಟಿದಳಂತೆ. ಅರ್ಥವಾಗದಿದ್ದರೂ ಅವನು ಬೆರಳಿಳಿಸಿದ. ಅರ್ಧ ದಿನ ಅದರ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಉಳಿದ ದಿನಗಳಲ್ಲಿ ನದಿಯ ದಂಡೆಯಲ್ಲಿ ನಡೆದಳು. ಚೆನ್ನಾಗಿತ್ತಾ ಅಕ್ಕಾ ಎಂದು ಕೇಳಿದೆ. ಚೆನ್ನಾಗಿತ್ತು, ಆದರೆ ಎಲ್ಲಿ ಕೂತರೂ ಆ ಲಕೋಟೆಯವಳೇ ಕಣ್ಮುಂದೆ ಬರುತ್ತಿದ್ದಳು ಎಂದಳು.

ಸೋಮವಾರ ಆರಕ್ಕೆ ಸರಿಯಾಗಿ ಉರುಳೆಯ ಮುಂದೆ ನಿಂತಳು. ಮುಂದಿನ ಭಾನುವಾರ ತಮ್ಮ ಬಂದು ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಾಗ ಮಾತಾಡಿದಳು. ಏಜೆಂಟನ ಅಂಗಡಿ ಎಲ್ಲಿದೆ, ತೋರಿಸು ಎಂದಳು. ಮಾರನೆಯ ಸಂಜೆ ಇಬ್ಬರೂ ಹೋದರು. ಏಜೆಂಟ್ ಗದರಿದ, ಬಾಡಿಗೆ ಹಣ ವಾಪಸ್ ಕೊಡುವ ಮಾತೇ ಇಲ್ಲ ಎಂದ. ಅವಳು ವಾದಿಸಲಿಲ್ಲ. ನಾಲ್ಕು ಸಂಜೆ ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಂದವರಿಗೆಲ್ಲ ತನ್ನ ನಿರಾಕರಣೆಯ ಹಾಳೆ ತೋರಿಸಿದಳು. ತಮ್ಮ ಪಕ್ಕದಲ್ಲಿ ಕೂತಿದ್ದ. ಐದನೇ ಸಂಜೆ ಏಜೆಂಟ್ ಒಂಬತ್ತು ಸಾವಿರ ತಂದು ತಮ್ಮನ ಕೈಗೆ ತುರುಕಿ ಬಾಗಿಲೆಳೆದುಕೊಂಡ.

ಈಗ ಆಸ್ಪತ್ರೆಯಲ್ಲಿ ಯಾರಾದರೂ ಹೊರದೇಶಕ್ಕೆ ಹೊರಟರೆ ಮೊದಲು ನೆಲಮಾಳಿಗೆಗೆ ಇಳಿಯುತ್ತಾರೆ. ಬಿಸಿಯಕ್ಕ ಅವರ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಓದುತ್ತಾಳೆ, ಬೈಯುತ್ತಾಳೆ, ಸರಿ ಮಾಡಿಸುತ್ತಾಳೆ. ಕಳೆದ ತಿಂಗಳು ಅಡುಗೆ ವಿಭಾಗದ ಇಬ್ಬರು ಒಂದೇ ದಿನ ಅರ್ಜಿ ಹಾಕಿದರು. ಕಾಗದಗಳಲ್ಲಿ ಒಂದು ಚುಕ್ಕೆ ವ್ಯತ್ಯಾಸ ಇರಲಿಲ್ಲ. ಒಬ್ಬಳಿಗೆ ಸಿಕ್ಕಿತು. ಇನ್ನೊಬ್ಬಳಿಗೆ, ಹಿಂತಿರುಗುವ ನಂಬಿಕೆ ಇಲ್ಲ ಎಂಬ ಹಾಳೆ ಬಂತು. ಅವಳು ಅದನ್ನು ಹಿಡಿದು ಕೆಳಗಿಳಿದು ಬಂದಾಗ ಬಿಸಿಯಕ್ಕ ಮಡಚುವ ಕಡೆಯಿಂದ ನನ್ನನ್ನು ಕರೆದು, ಕೈಯಲ್ಲಿದ್ದ ಚಾದರದ ಮೂಲೆಯನ್ನು ಕೊಟ್ಟು ಏಪ್ರನ್ ಬಿಚ್ಚಿದಳು. ಎಲ್ಲಿಗೆ ಎಂದು ಸೂಪರ್‌ವೈಸರ್ ಕೇಳಿದರು. ವೀಸಾ ಕೇಂದ್ರಕ್ಕೆ ಎಂದು ಆ ಹುಡುಗಿಯ ಕೈ ಹಿಡಿದು ಮೆಟ್ಟಿಲು ಹತ್ತಿದಳು.