ಚಂದ್ರಹಾಸನ ಎಲೆ

ಹೆಸರಿನಲ್ಲೇ ಉಮೆಯೂ ಇದ್ದಾಳೆ, ಮಹೇಶ್ವರನೂ ಇದ್ದಾನೆ. ಇಂಥವನಿಗೆ ಹಿಮಾಲಯಕ್ಕಲ್ಲದೆ ಇನ್ನೆಲ್ಲಿಗೆ ಪೋಸ್ಟಿಂಗ್ ಹಾಕ್ತಾರೆ ಅಂತ ಭದ್ರಾವತಿಯ ಗೆಳೆಯರು ಆಡಿಕೊಳ್ಳುತ್ತಿದ್ದರು. ಸೈನ್ಯದಲ್ಲಿ ಉಮಾಮಹೇಶ್ವರ ಹದಿನೇಳು ವರ್ಷ ಮಾಡಿದ್ದು ಒಂದೇ ಕೆಲಸ: ಸಿಕ್ಕಿಬಿದ್ದ ಗಾಡಿಗಳನ್ನು ಎಳೆದು ತರುವುದು. ಕಮರಿಗೆ ಜಾರಿದ ಲಾರಿ, ಹೊಳೆಗಿಳಿದ ಜೀಪು, ಹಿಮದಲ್ಲಿ ಮೂತಿ ಹುಗಿದುಕೊಂಡ ಸ್ನೋ ಸ್ಕೂಟರು. ಮುಂದೆ ಎರಡು ಜಾರುಹಲಗೆ, ಹಿಂದೆ ಚಕ್ರದ ಬದಲು ರಬ್ಬರಿನ ಪಟ್ಟೆ ಇರುವ ಗಾಡಿ ಅದು ಅಂತ ಭದ್ರಾವತಿಯ ಬಿಸಿಲಿನಲ್ಲಿ ನಿಂತು ವಿವರಿಸಿದರೆ ಜನ ಅವನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು.

ನಿವೃತ್ತನಾಗಿ ಬಂದ ಮೇಲೂ ಕಸುಬು ಬಿಡಲಿಲ್ಲ. ಗದ್ದೆಯಲ್ಲಿ ಹೂತ ಟ್ರ್ಯಾಕ್ಟರು, ಚಾನೆಲ್ಲಿಗೆ ಇಳಿದ ಕಾರು, ಎಲ್ಲದಕ್ಕೂ ಉಮಣ್ಣನಿಗೇ ಫೋನು. ಆದರೆ ಅವನದೊಂದು ವಿಚಿತ್ರ ಕಟ್ಟುಪಾಡಿತ್ತು. ಹಗ್ಗ ಹಿಡಿದವರು ಯಾರೂ ಬಾಯಿ ಬಿಡಕೂಡದು. ಭದ್ರಾವತಿ ಕಾರ್ಖಾನೆಯ ಖಲಾಸಿಗಳ ಊರು. ಅಲ್ಲಿ ಭಾರ ಎತ್ತಿ ಬದುಕಿದವರ ಮಕ್ಕಳು 'ಹೈಲೇಸಾ' ಅನ್ನದೆ ನೀರಿನ ಕೊಡವನ್ನೂ ಎತ್ತುವುದಿಲ್ಲ. ಯಾರಾದರೂ 'ಹೈಲೇ' ಅಂತ ಶುರುಮಾಡಿದರೆ ಸಾಕು, ಉಮಣ್ಣ ಹಗ್ಗ ಬಿಟ್ಟು ದೂರ ಹೋಗಿ ನಿಲ್ಲುತ್ತಿದ್ದ.

"ಇವನಿಗೇನಾಯ್ತು ಮಾರಾಯ?"

"ಮಿಲಿಟರಿ ಅಲ್ವಾ, ಶತ್ರುಗಳಿಗೆ ಕೇಳಿಸ್ಬಾರ್ದು ಅಂತ."

ಅವನೂ ನಗುತ್ತಿದ್ದ. ಕಾರಣ ಹೇಳುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಅವನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಿದ್ದ. ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ವಿಮಲಕ್ಕನ ಮನೆ. ಅವಳು ರವಿಕೆ ಹೊಲಿದು ಜೀವನ ಮಾಡುವವಳು, ಮದುವೆಯಾಗದವಳು. ಅವಳ ತಮ್ಮ ಚಂದ್ರಹಾಸನೂ ಉಮಾಮಹೇಶ್ವರನೂ ಕಾರ್ಖಾನೆಯ ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ಬೆಳೆದು, ಒಂದೇ ದಿನ ಸೈನ್ಯಕ್ಕೆ ಸೇರಿದವರು. ಇಪ್ಪತ್ತೊಂದು ವರ್ಷದ ಹಿಂದೆ ಚಂದ್ರಹಾಸ ಹಿಮದಲ್ಲಿ ಕಾಣೆಯಾದ. ದೇಹ ಸಿಗಲಿಲ್ಲ.

ಅಮಾವಾಸ್ಯೆಯಂದು ವಿಮಲಕ್ಕ ಗೋಡೆಯ ಬದಿಗೆ ಹಿರಿಯರ ಎಡೆ ಇಡುತ್ತಾಳೆ. ಖಲಾಸಿಯಾಗಿದ್ದ ಅಪ್ಪ ಹಿರಿಯಣ್ಣನಿಗೆ ಒಂದು ಎಲೆ, ಅಮ್ಮನಿಗೆ ಒಂದು. ಚಂದ್ರಹಾಸನ ಎಲೆ ಮಾತ್ರ ಅಲ್ಲಿ ಬೀಳುವುದಿಲ್ಲ. ಅದು ಈಚೆ, ಉಣ್ಣುವವರ ಸಾಲಿನಲ್ಲಿ, ಉಮಾಮಹೇಶ್ವರನ ಎಲೆಯ ಪಕ್ಕದಲ್ಲಿ. ನೆಂಟರು ಮೊದಮೊದಲು ತಕರಾರು ತೆಗೆದರು, ಆಮೇಲೆ ಬರುವುದನ್ನೇ ಬಿಟ್ಟರು.

"ನೀನೇ ಹೇಳಿದ್ಯಲ್ಲೋ ಉಮಾ," ಅನ್ನುತ್ತಿದ್ದಳು ವಿಮಲಕ್ಕ, ಬಡಿಸುತ್ತಾ. "ಸಹಾಯ ಕರ್ಕೊಂಡ್ ಬರ್ತೀನಿ ಅಂತ ಮೇಲಿನ ಪೋಸ್ಟಿಗೆ ನಡ್ಕೊಂಡ್ ಹೋದ ಅಂತ. ದಾರಿ ತಪ್ಪಿ ಆ ಕಡೆಯವರ ಜೈಲಲ್ಲಿ ಇರ್ಬಹುದು. ಉಸಿರಾಡ್ತಿರೋನಿಗೆ ಎಡೆ ಇಡ್ತಾರಾ ಯಾರಾದ್ರೂ?"

ಹೌದು, ಅವನೇ ಹೇಳಿದ್ದು. ಮೊದಲ ಸಲ ರಜೆಯಲ್ಲಿ ಬಂದಾಗ ಅವಳ ಮುಖ ನೋಡಿ ಬಾಯಿಗೆ ಬಂದ ಮಾತು. ಒಂದು ವಾರಕ್ಕೆ ಸಾಕು ಅಂದುಕೊಂಡು ಹೇಳಿದ ಸುಳ್ಳು ಇಪ್ಪತ್ತೊಂದು ವರ್ಷ ಸರ್ವೀಸು ಮಾಡಿತು. ಅವನಿಗಿಂತ ನಾಲ್ಕು ವರ್ಷ ಹೆಚ್ಚು.

ಈ ವರ್ಷ ಅಮಾವಾಸ್ಯೆಗೆ ಮೂರು ದಿನ ಇರುವಾಗ ಹಳೆಯ ತುಕಡಿಯ ಗೆಳೆಯನೊಬ್ಬ ಫೋನು ಮಾಡಿದ. ಹಿಮ ಕರಗಿದೆ. ಚಂದ್ರಹಾಸ ಸಿಕ್ಕಿದ್ದಾನೆ. ಕೊರಳಿನ ಬಿಲ್ಲೆಯ ನಂಬರು ತಾಳೆಯಾಗಿದೆ. ಸಿಕ್ಕಿದ್ದು ಮೇಲಿನ ಪೋಸ್ಟಿನ ದಾರಿಯಲ್ಲಲ್ಲ, ಅವನು ಕಾಣೆಯಾದ ದಿನ ಸ್ನೋ ಸ್ಕೂಟರು ಎಳೆದ ಇಳಿಜಾರಿನ ಬುಡದಲ್ಲಿ. ಹಬ್ಬ ಕಳೆದ ಮೇಲೆ ಆಫೀಸರು ವಿಮಲಕ್ಕನ ಮನೆಗೆ ಬಂದು ಎಲ್ಲವನ್ನೂ ಹೇಳುತ್ತಾರೆ. ಪೆಟ್ಟಿಗೆ ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬರುತ್ತದೆ.

ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗಬಾರದು ಅಂತ ಅಮಾವಾಸ್ಯೆಯ ದಿನ ಉಮಾಮಹೇಶ್ವರ ಬಸ್ಸು ಹತ್ತಿದ. ಭದ್ರಾವತಿಯಿಂದ ಶಿವಮೊಗ್ಗ ಅರ್ಧ ಗಂಟೆಯ ದಾರಿ. ಯಾವ ಮಾತಿನಿಂದ ಶುರುಮಾಡಬೇಕು ಅಂತ ಗೊತ್ತಾಗುವಷ್ಟು ಉದ್ದ ಇರಲಿಲ್ಲ.

ಹೋದಾಗ ಎಲೆಗಳು ಬಿದ್ದಿದ್ದವು. ಗೋಡೆಯ ಬದಿಗೆ ಎರಡು, ಈಚೆ ಎರಡು. ಚಂದ್ರಹಾಸನ ಎಲೆಗೆ ಕಡುಬು ಹಾಕಿ, ಅದರ ಮೇಲೆ ಕೋಳಿ ಸಾರು ಬಿಟ್ಟು, ವಿಮಲಕ್ಕ ಅವನ ಎಲೆಯತ್ತ ತಿರುಗಿದಳು.

"ಅಕ್ಕಾ, ಅವನು ಮೇಲಿನ ಪೋಸ್ಟಿಗೆ ಹೋಗ್ಲಿಲ್ಲ."

ಸೌಟು ಅಲ್ಲೇ ನಿಂತಿತು.

ಅವನು ನೆಲ ನೋಡುತ್ತಾ ಹೇಳಿದ. ಸೀಮೆಎಣ್ಣೆ ಹೊತ್ತ ಸ್ನೋ ಸ್ಕೂಟರು ಕಡಿದಾದ ಇಳಿಜಾರಿನಲ್ಲಿ ಅಡ್ಡ ಜಾರಿ ಹೂತಿತ್ತು. ಮೇಲೆ ಹಗ್ಗ ಹಿಡಿದು ತಾನು ಮತ್ತು ಮೂವರು ಗಢವಾಲಿ ಜವಾನರು. ಕೆಳಗೆ, ಗಾಡಿಯ ಮೂತಿ ತಿರುಗಿಸಲು ಜಾರುಹಲಗೆ ಹಿಡಿದು ಚಂದ್ರಹಾಸ. ಹಿಮದಲ್ಲಿ ಗಾಡಿಯನ್ನು ಜಗ್ಗಬಾರದು, ಕರೆಯಬೇಕು ಅಂತ ಉಸ್ತಾದರು ಕಲಿಸಿದ್ದರು. ಹಗ್ಗ ಸುತ್ತುವ ಕೈವಿಂಚು ತಿರುಗಿಸುತ್ತಾ ಬೆರಳಿನಷ್ಟು, ಮತ್ತೆ ಬೆರಳಿನಷ್ಟು. ಅವತ್ತು ವಿಂಚಿನ ಹಲ್ಲಿಗೆ ಹಿಮ ಕಟ್ಟಿ ಅದು ನಿಂತುಹೋಯಿತು. ಹೊತ್ತು ಇಳಿಯುತ್ತಿತ್ತು. ಕೈಯಲ್ಲೇ ಎಳೆಯೋಣ ಅಂತ ತಾನೇ ಅಂದ. ಎಳೆಯುವುದು ಅಂದರೆ ಭದ್ರಾವತಿಯವನಿಗೆ ಗೊತ್ತಿರುವುದು ಒಂದೇ ರೀತಿ. ಕೂಗಿಗೆ ಎಲ್ಲರೂ ಒಟ್ಟಿಗೆ, ಒಂದೇ ಜಗ್ಗು. ಗಢವಾಲಿಗಳಿಗೂ ಇಬ್ಬರೂ ಸೇರಿ ಅದನ್ನು ಕಲಿಸಿದ್ದರು. ಮೂರನೇ ಜಗ್ಗಿಗೆ ಗಾಡಿ ಹಾರಿ ಮೇಲೆ ಬಂತು. ಅದು ಕುಳಿತಿದ್ದ ಹಿಮದ ಪದರು ಬಿರಿದು ಕೆಳಗೆ ಹೋಯಿತು, ಚಂದ್ರಹಾಸನ ಸಮೇತ.

"ಗಾಡಿಯ ದೀಪದ ಗಾಜು ಕೂಡ ಒಡೀಲಿಲ್ಲ ಅಕ್ಕ."

ಓಣಿಯಲ್ಲಿ ಯಾರದೋ ಸ್ಕೂಟರು ಹಾರ್ನು ಹೊಡೆದುಕೊಂಡು ಹೋಯಿತು.

"ಕೂಗಿದ್ದು ಯಾರು?"

"ನಾನೇ. ಹಿರಿಯಣ್ಣ ಮಾವ ಕಲಿಸಿದ ಹಾಗೇ ಕೂಗಿದೆ."

"ಅವನು?"

"ಕೆಳಗಿಂದ 'ಐಸಾ' ಅಂತ ಓಗೊಟ್ಟ. ನಿಮ್ಮಪ್ಪನ ದನಿ ಮಾಡ್ಕೊಂಡು. ನಗ್ತಿದ್ದ."

ಆಮೇಲೆ ಅವನು ಫೋನಿನ ವಿಷಯ ಹೇಳಿದ. ಬಿಲ್ಲೆಯ ನಂಬರು, ಸೋಗಾನೆ, ಪೆಟ್ಟಿಗೆ. ವಿಮಲಕ್ಕ ಅಳಲಿಲ್ಲ. ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಇಷ್ಟು ವರ್ಷ ಅವನ ಪಕ್ಕ ಕೂತು ಉಂಡ್ಯಲ್ಲೋ. ಪಾಯಸ ಕೇಳಿ ಕೇಳಿ ಹಾಕಿಸ್ಕೊಂಡ್ಯಲ್ಲೋ."

ಅವನು ಎದ್ದು ಹೋಗುವುದೇ ಸರಿ ಅನ್ನಿಸಿ ಕೈಯೂರಿದ. ಅಷ್ಟರಲ್ಲಿ ವಿಮಲಕ್ಕ ಬಗ್ಗಿ ತಮ್ಮನ ಎಲೆಯ ಒಂದು ತುದಿ ಎತ್ತಿದಳು. ಎಲೆ ನಡುವೆ ಬಾಗಿತು, ಸಾರು ಹರಿದು ಅಂಚಿಗೆ ಬಂತು. ಮತ್ತೆ ಕೆಳಗಿಟ್ಟಳು.

"ಬೇರೆ ಎಲೆ ಹಾಕಿ ಬಡಿಸೋಣ ಅಕ್ಕ."

"ಇದು ಅವನಿಗೆ ಬಡಿಸಿದ್ದು." ಅವಳು ಇನ್ನೂ ಅವನ ಮುಖ ನೋಡಿರಲಿಲ್ಲ. "ಆ ಕಡೆ ಹಿಡಿ."

ಅವನು ಆ ಕಡೆ ಕೂತು, ಎರಡೂ ಅಂಗೈಗಳನ್ನು ಎಲೆಯಡಿಗೆ ಸರಿಸಿದ. ಕಡುಬಿನ ಬಿಸಿ ಎಲೆಯ ಮೂಲಕ ಕೈಗೆ ತಾಗಿತು.

"ಜಗ್ಗಬೇಡ," ಅಂದಳು.

"ಇಲ್ಲ ಅಕ್ಕ."

ಇಬ್ಬರೂ ಮೆಲ್ಲಗೆ ಎದ್ದರು. ಈಚೆಯ ಸಾಲಿನಿಂದ ಗೋಡೆಯ ತನಕ ಆರು ಹೆಜ್ಜೆ. ಬೆರಳಿನಷ್ಟು, ಮತ್ತೆ ಬೆರಳಿನಷ್ಟು. ಯಾರೂ ಬಾಯಿ ಬಿಡಲಿಲ್ಲ. ಹಿರಿಯಣ್ಣನ ಎಲೆಯ ಪಕ್ಕದಲ್ಲಿ ಅದನ್ನು ಇಳಿಸಿದಾಗ ಒಂದು ಹನಿ ಸಾರೂ ಚೆಲ್ಲಿರಲಿಲ್ಲ.

ವಿಮಲಕ್ಕ ಸೆರಗಿನಿಂದ ಕೈ ಒರೆಸಿಕೊಂಡು, ಈಚೆ ಬಂದಳು. ಉಣ್ಣುವವರ ಸಾಲಿನಲ್ಲಿ ಈಗ ಒಂದೇ ಎಲೆ ಉಳಿದಿತ್ತು.

"ಕೂತ್ಕೋ. ಆರಿ ಹೋಗುತ್ತೆ."

ಅವನು ಕೂತ. ಅವಳು ಎಲ್ಲವನ್ನೂ ಬಡಿಸಿದಳು. ಪಾಯಸ ಮಾತ್ರ ಬಡಿಸಲಿಲ್ಲ, ಅವನೂ ಕೇಳಲಿಲ್ಲ.