ಏಳದ ಈಸ್ಟು

ತೊಂಡೇಬಾವಿಯ ಚಲಪತಿ ಇಪ್ಪತ್ತೆರಡು ವರ್ಷ ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿ ದುಡಿದ. ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ. ಆಳೆತ್ತರದ ಸ್ಟೀಲ್ ತೊಟ್ಟಿಗಳಲ್ಲಿ ಈಸ್ಟು ನೊರೆಗಟ್ಟುವುದನ್ನು ನೋಡಿಕೊಳ್ಳುವುದು ಅವನ ಕೆಲಸ. ಬಾಗಿಲಲ್ಲಿ ನಿಂತು ಮೂಸಿದರೆ ಸಾಕು, ಯಾವ ತೊಟ್ಟಿ ಸರಿಯಿದೆ, ಯಾವುದು ಕೆಟ್ಟಿದೆ ಎಂದು ಹೇಳುತ್ತಿದ್ದ.

2003ರ ಕೊನೆಯಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಗೇಟಿನ ಮುಂದೆ ಕೆಲವರು ಕೂಗಾಡಿದರು, ಕೆಲವರು ಅತ್ತರು. ಚಲಪತಿ ಟಿಫಿನ್ ಡಬ್ಬಿ ಹಿಡಿದುಕೊಂಡು ಸ್ಟೇಷನ್ನಿಗೆ ನಡೆದ. ಮನೆಗೆ ಬಂದು ಕೈಕಾಲು ತೊಳೆದು, ಉಂಡು, ಮಲಗಿದ. ಮರುದಿನ ಅವನು ಮನೆಯಲ್ಲೇ ಉಳಿದಾಗ ರಜೆಯಿರಬೇಕು ಎಂದುಕೊಂಡಿದ್ದ ಹೆಂಡತಿ ರಾಧಾಮಣಿಗೆ ವಿಷಯ ಗೊತ್ತಾಗಿದ್ದು ನಾಲ್ಕು ದಿನದ ಮೇಲೆ, ಅದೂ ಪಕ್ಕದ ಮನೆಯ ಗಂಗುಲಪ್ಪನ ಬಾಯಿಂದ.

"ನನಗ್ಯಾಕೆ ಹೇಳ್ಲಿಲ್ಲ?" ಎಂದು ಅವಳು ಕೇಳಿದಾಗ, "ಹೇಳೋಕೆ ಏನಿತ್ತು?" ಎಂದ. ಮುಚ್ಚಿಡುವ ಉದ್ದೇಶವೇನೂ ಅವನಿಗಿರಲಿಲ್ಲ. ನಿಜವಾಗಿಯೂ ಹೇಳುವಂಥದ್ದು ಏನೂ ತೋಚಿರಲಿಲ್ಲ.

ರಾಧಾಮಣಿ ಊರಿನ ಅಂಗನವಾಡಿಯಲ್ಲಿ ಟೀಚರು. ಅವಳು ಬೆಳಿಗ್ಗೆ ಹೋಗುವಾಗ ಗಂಡ ಜಗಲಿಯ ಮೇಲೆ ಹೇಗೆ ಕೂತಿರುತ್ತಿದ್ದನೋ ಮಧ್ಯಾಹ್ನ ಬಂದಾಗಲೂ ಹಾಗೇ ಕೂತಿರುತ್ತಿದ್ದ. ಹಾಕಿದ್ದನ್ನು ತಿನ್ನುತ್ತಿದ್ದ. ಸಾರಿಗೆ ಉಪ್ಪು ಹಾಕುವುದು ಮರೆತ ದಿನವೂ ಎರಡು ಮುದ್ದೆ ನುಂಗಿ ಎದ್ದ.

ಬೇಸಿಗೆಯಲ್ಲಿ ಒಂದು ದಿನ ಅವನೇ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸಿದ. ಅಂಗನವಾಡಿಯ ಕೂಸುಗಳಿಗೆ ಕುಡಿಸುವ ಹಿಟ್ಟಿಗಿರಬೇಕು ಎಂದುಕೊಂಡಳು ರಾಧಾಮಣಿ. ಅವನು ಅದನ್ನು ತರಿಯಾಗಿ ಬೀಸಿಸಿಕೊಂಡು ಬಂದು, ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಕುದಿಸಿ, ಆರಿಸಿ, ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ಸುರಿದಾಗಲೇ ಅವಳಿಗೆ ಅರ್ಥವಾಗಿದ್ದು.

"ಮನೇಲಿ ಬಿಯರ್ ಮಾಡ್ತೀರಾ? ಪೊಲೀಸ್ನೋರು ಬಂದ್ರೆ ಏನ್ರೀ ಗತಿ?"

"ಮಾರೋಕಲ್ಲ ಕಣೇ. ಕೈ ಸುಮ್ನಿರಲ್ಲ, ಅದಕ್ಕೆ."

ಆರು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. ಅವಳು ಮತ್ತೆ ತಡೆಯಲು ಹೋಗಲಿಲ್ಲ.

ಗೌರಿಬಿದನೂರಿನ ಅಂಗಡಿಯಿಂದ ತಂದ ಒಣ ಈಸ್ಟಿನ ಪೊಟ್ಟಣ ಒಡೆದು ಕ್ಯಾನಿಗೆ ಹಾಕಿದ. ಮೂರು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ. ನಾಲ್ಕನೇ ದಿನ ಮೇಲೆ ಬಿಳಿ ಪೊರೆ ಕಟ್ಟಿ ಹುಳಿನಾತ ಬಂತು. ಹಿತ್ತಲಿಗೆ ಚೆಲ್ಲಿದ. ಎರಡನೇ ಸಲ ಒಂದು ದಿನ ನೊರೆ ಬಂದು ಅಷ್ಟಕ್ಕೇ ನಿಂತಿತು. ಪಾನಕದಂತೆ ಸಿಹಿಯಾಗೇ ಉಳಿಯಿತು. ಅದನ್ನೂ ಚೆಲ್ಲಿದ. ಮೂರನೆಯದೂ ಹಿತ್ತಲಿಗೇ ಹೋಯಿತು. ಪ್ರತಿ ಸಲವೂ ಕ್ಯಾನು ತೊಳೆದು ಬೋರಲು ಹಾಕಿ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಅವನ ಮುಖದಲ್ಲಿ ಸಿಟ್ಟು ಕಂಡಿದ್ದರೂ ರಾಧಾಮಣಿಗೆ ಸಮಾಧಾನವಾಗುತ್ತಿತ್ತು.

ಈಸ್ಟು ಯಾಕೆ ಏಳುತ್ತಿಲ್ಲ ಎಂದು ಕೇಳಲು ಹೋದಾಗ ಪೊಟ್ಟಣ ಮಾರಿದ ಅಂಗಡಿಯವನು ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿ ತೋರಿಸಿದ. ಬೇಕರಿಯ ದಸ್ತಗಿರ್ ಸಾಬರು ಅರವತ್ತರ ಹತ್ತಿರದವರು, ಮೊಣಕೈವರೆಗೆ ಮೈದಾ ಮೆತ್ತಿಕೊಂಡವರು. ಪೊಟ್ಟಣವನ್ನು ತಿರುಗಿಸಿ ನೋಡಿದರು.

"ಬಿಸಿಲಲ್ಲಿ ಇಟ್ಟು ಮಾರ್ತಾರೆ ಅಣ್ಣ. ಒಳಗೆ ಸತ್ತಿರುತ್ತೆ. ಉಗುರು ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ ಹಾಕಿ ನೋಡ್ಲಿಲ್ವಾ? ಹತ್ತು ನಿಮಿಷದಲ್ಲಿ ನೊರೆ ಬರ್ಲಿಲ್ಲ ಅಂದ್ರೆ ಬಿಸಾಕ್ಬೇಕು."

ಚಲಪತಿ ಎಷ್ಟೋ ಹುಡುಗರಿಗೆ ಈ ಪಾಠ ತಾನೇ ಹೇಳಿಕೊಟ್ಟಿದ್ದ. ಮೂರು ಸಲವೂ ಅದು ಅವನ ನೆನಪಿಗೆ ಬಂದಿರಲಿಲ್ಲ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

"ಬೇಕರಿ ಇಟ್ಟಿದ್ದೀರಾ?"

"ಇಲ್ಲ ಸಾಬ್ರೇ. ಮನೇಲಿ..."

ಸಾಬರು ಅವನ ಮುಖ ನೋಡಿ ಕೈ ಅಡ್ಡ ಹಿಡಿದರು. "ಬೇಡ, ಏನಕ್ಕೆ ಅಂತ ನಂಗೆ ಹೇಳ್ಬೇಡಿ." ಆಗಷ್ಟೇ ಒಡೆದ ದೊಡ್ಡ ಪ್ಯಾಕಿನಿಂದ ಸ್ಟೀಲ್ ಡಬ್ಬಿಗೆ ನಾಲ್ಕು ಚಮಚ ಈಸ್ಟು ಹಾಕಿಕೊಟ್ಟರು.

ಆ ಸಲ ಕ್ಯಾನು ಬೆಳಗಾಗುವಷ್ಟರಲ್ಲಿ ನೊರೆ ಕಕ್ಕುತ್ತಿತ್ತು. ಮೂರು ವಾರದ ಮೇಲೆ ಚಲಪತಿ ಒಂದು ಲೋಟ ಬಗ್ಗಿಸಿಕೊಂಡು ಕುಡಿದ. ರಾಧಾಮಣಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕುಡಿತವೆಂದರೆ ಅವಳಿಗಾಗದು, ಆದರೂ ಕೇಳಿದಳು.

"ಚೆನ್ನಾಗಾಯ್ತಾ?"

"ಬಿಯರ್ ಆಗಿದೆ," ಎಂದ. ಲೋಟ ತೊಳೆದಿಟ್ಟ. ಉಳಿದದ್ದು ಕ್ಯಾನಿನಲ್ಲೇ ಇತ್ತು. ಆಮೇಲೆ ಅವನು ಅದರ ತಂಟೆಗೆ ಹೋಗಲಿಲ್ಲ.

ಮಳೆಗಾಲ ಕಳೆದು ರಂಜಾನ್ ಬಂತು. "ಇನ್ನೊಬ್ಬರ ಡಬ್ಬಿ ಎಷ್ಟು ದಿನಾಂತ ಇಟ್ಕೊಳ್ಳೋದು? ಕೊಟ್ಟು ಬನ್ನಿ," ಎಂದು ರಾಧಾಮಣಿ ಬೆನ್ನುಬಿದ್ದಳು. ಬರಿದು ಕೊಡಬಾರದೆಂದು ಹುರಿದ ಕಡ್ಲೆಕಾಯಿ ಬೀಜ ತುಂಬಿದಳು.

ಅವನು ಹೋದಾಗ ಬೇಕರಿಯ ಮೇಜಿನ ಮೇಲೆ ಅರಳದ ಬನ್ನುಗಳು ಬಿಲ್ಲೆಗಳಂತೆ ಬಿದ್ದಿದ್ದವು. ಸಾಬರು ಸ್ಟೂಲಿನ ಮೇಲೆ ಕೂತಿದ್ದರು.

"ಹೊಸ ಮಾಲೆಲ್ಲ ಸತ್ತಿದೆ ಅಣ್ಣ. ಏಜೆಂಟನ್ನ ಕೇಳಿದ್ರೆ ಎಲ್ಲ ಕಡೆಗೂ ಇದೇ ಬಂದಿದೆ, ಬೇರೆ ಬರೋಕೆ ಮೂರು ದಿನ ಬೇಕು ಅಂತಾನೆ. ನಾಳೆ ಇಫ್ತಾರಿಗೆ ಮಸೀದಿಗೆ ಮುನ್ನೂರು ಬನ್ನು ಒಪ್ಕೊಂಡಿದೀನಿ."

"ನಮ್ಮ ಮನೇಲಿ ಜೀವ ಇರೋ ಈಸ್ಟಿದೆ. ಕ್ಯಾನಿನ ತಳದಲ್ಲಿ."

"ನೀವು ಒಳ್ಳೇ ಮನಸ್ಸಿಂದ ಹೇಳ್ತಿದೀರ. ಅದನ್ನ ಉಪವಾಸ ಇದ್ದೋರ ಬಾಯಿಗೆ ಹೆಂಗೆ ಕೊಡ್ಲಿ?"

ಚಲಪತಿ ತಲೆಯಾಡಿಸಿದ. ಒಂದು ಪ್ಯಾಕು ಎತ್ತಿ ಮೂಸಿದ. ಬಟ್ಟಲು ಬೆಚ್ಚಗಿನ ನೀರಿಗೆ ಸಕ್ಕರೆ ಬೆರೆಸಿ, ಎರಡು ಚಮಚ ಈಸ್ಟು ಉದುರಿಸಿ, ಕಾದ. ಹತ್ತು ನಿಮಿಷಕ್ಕೆ ಏನೂ ಇಲ್ಲ. ಅರ್ಧ ಗಂಟೆಗೆ ಅಂಚಿನಲ್ಲಿ ಸಾಸಿವೆಕಾಳಿನಂಥ ನಾಲ್ಕು ಗುಳ್ಳೆ ಕಂಡವು.

"ಎಲ್ಲ ಸತ್ತಿಲ್ಲ ಸಾಬ್ರೇ. ಸಾವಿರದಲ್ಲಿ ಹತ್ತು ಬದುಕಿವೆ. ಅವನ್ನ ಬೆಳೆಸಣ."

ದೊಡ್ಡ ಪಾತ್ರೆಯಲ್ಲಿ ನೀರು, ಸಕ್ಕರೆ, ಮೈದಾ ಕಲಸಿ, ಎರಡು ಪ್ಯಾಕು ಪೂರ್ತಿ ಸುರಿದು, ಒಲೆಯ ಪಕ್ಕದ ಬೆಚ್ಚನೆ ಮೂಲೆಯಲ್ಲಿಟ್ಟ. ಮಧ್ಯಾಹ್ನ ಮತ್ತೆ ಮೈದಾ ಹಾಕಿದ, ಸಂಜೆ ಇನ್ನೊಮ್ಮೆ ಹಾಕಿದ. ರಾತ್ರಿ ಊರಿಗೆ ಹೋಗಿ ಬೆಳಿಗ್ಗೆ ಮೊದಲ ಬಸ್ಸಿಗೇ ವಾಪಸು ಬಂದಾಗ ಪಾತ್ರೆಗೆ ಮುಚ್ಚಿದ್ದ ಬಟ್ಟೆ ಉಬ್ಬಿ ಮೇಲೆದ್ದಿತ್ತು. ಸಾಬರು ಅವನ ಭುಜದ ಮೇಲೆ ಕೈಯಿಟ್ಟರು. ಆ ಕೈಯ ಭಾರವಷ್ಟೇ ಅವನಿಗೆ ತಿಳಿಯಿತು.

ಹಿಟ್ಟು ಉಬ್ಬುವುದು ತಡವಾಯಿತು. ಆದರೂ ನಾಲ್ಕು ಗಂಟೆಗೆ ಮುನ್ನೂರು ಬನ್ನು ಒಲೆಯಿಂದ ಹೊರಬಂದವು. ಸಾಬರು ನಾಲ್ಕನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟರು. "ನಾನು ಈಗ ರುಚಿ ನೋಡೋ ಹಂಗಿಲ್ಲ. ನೀವು ತಿಂದು ಹೇಳಿ. ನಾಳೆ ಬನ್ನಿ, ದಿನಾ ಬನ್ನಿ. ಈ ದರಿದ್ರ ಈಸ್ಟು ನೋಡೋಕೆ ನಂಗೊಬ್ಬರು ಬೇಕು."

ಮನೆಯಲ್ಲಿ ರಾಧಾಮಣಿ ಕಾಫಿ ಕೊಟ್ಟಳು. ಚಲಪತಿ ಒಂದು ಬನ್ನು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ.

"ಉಪ್ಪು ಒಂಚೂರು ಕಮ್ಮಿ," ಎಂದ.

ರಾಧಾಮಣಿ ಅವನ ಕೈಯಿಂದಲೇ ಒಂದು ತುಂಡು ಕಿತ್ತು ತಿಂದು ನೋಡಿದಳು. ಹೌದು, ಕಮ್ಮಿಯಿತ್ತು. ಮಾರನೆಯ ದಿನ ಅವನು ಅದನ್ನು ಸಾಬರಿಗೆ ಹೇಳಿದ.